ಛತ್ರದಲ್ಲಿ ಉಳಿದ ಅನ್ನ ಪುಕ್ಕಟೆ ಸಿಗುತ್ತಿದೆ, ಬೂಸಾ ಹಿಂಡಿ ನಿಲ್ಲಿಸಿ ಅದನ್ನೇ ಹಸುಗಳಿಗೆ ಹಾಕಬಹುದಾ? ಎಷ್ಟು ಕೆಜಿ ಹಾಕಬಹುದು?

ಬೂಸಾ ನಿಲ್ಲಿಸಬೇಡಿ. ಛತ್ರ, ಡ್ರಮ್ಮುಗಟ್ಟಲೆ ಅನ್ನ, ಮೂರು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿ) ಹಸು ಅಂತ ನೀವು ಬರೆದಿದ್ದು ಓದಿದ ಕೂಡಲೇ ನಮ್ಮ ಹಸು ಗೌರಿ ಕಣ್ಣಮುಂದೆ ಬಂದಳು.

ನಮ್ಮದು ದೊಡ್ಡಬಳ್ಳಾಪುರದ ಕಡೆ ಹಳ್ಳಿ. ಆಗ ನಾಲ್ಕು ಹಸು ಇದ್ದವು. ಗೌರಿ ಎರಡನೇ ಸೂಲು, ಎರಡೂ ಹೊತ್ತು ಸೇರಿ 18 ಲೀಟರ್ ಕೊಡುತ್ತಿದ್ದಳು. ಊರಾಚೆ ರಸ್ತೆ ಪಕ್ಕ ಒಂದು ಛತ್ರ ಆಯಿತು. ಅಡುಗೆಯವರು "ತಗೊಂಡು ಹೋಗಿ, ಇಲ್ಲಾಂದ್ರೆ ಗುಂಡಿಗೆ ಸುರಿಯಬೇಕು" ಅಂದರು. ಅನ್ನ ಮಣ್ಣುಪಾಲಾಗುವುದನ್ನು ನೋಡೋಕಾಗಲ್ಲ, ಅಲ್ವಾ? ಗಾಡಿ ಹಿಂದೆ ಡ್ರಮ್ ಕಟ್ಟಿಕೊಂಡು ಬರುತ್ತಿದ್ದೆ. ಬಾಳೆ ಎಲೆ, ಪ್ಲಾಸ್ಟಿಕ್ ಲೋಟ, ಹಲ್ಲುಕಡ್ಡಿ ಎಲ್ಲ ಕೈಯಿಂದಲೇ ಆರಿಸಿ ತೆಗೆಯುತ್ತಿದ್ದೆ. ಮೊದಲ ಎರಡು ವಾರ ಹಾಲು ಅರ್ಧ ಲೀಟರ್ ಜಾಸ್ತಿಯೇ ಆಯಿತು. ಬೂಸಾ ಅರ್ಧಕ್ಕೆ ಇಳಿಸಿದೆ. ಆ ತಿಂಗಳು ಅಂಗಡಿಯ ಸಾಲ ಕಮ್ಮಿಯಾಗಿದ್ದು ನೋಡಿ ಮನೆಯಲ್ಲೆಲ್ಲ ಖುಷಿ.

ಈಗ ತಪ್ಪಿನ ವಿಷಯ. ಇದನ್ನು ಬಿಡಿಸಿ ಹೇಳಬೇಕು, ಯಾಕಂದ್ರೆ ಎಲ್ಲರೂ "ಅನ್ನ ಹಾಕಿದ್ದಕ್ಕೆ ಹಸು ಸತ್ತಿತು" ಅಂತಾರೆ, ಅದು ಪೂರ್ತಿ ನಿಜ ಅಲ್ಲ. ದಿನಕ್ಕೆ ಒಂದೊಂದು ಹಸುವಿಗೆ ಎರಡು ಕೆಜಿ ಹಾಕುತ್ತಿದ್ದಾಗ ಏನೂ ಆದ ಹಾಗೆ ಕಾಣಿಸಿರಲಿಲ್ಲ. ವೈಶಾಖದಲ್ಲಿ ಐದು ದಿನ ಮದುವೆ ಇರಲಿಲ್ಲ, ಅನ್ನವೂ ಇರಲಿಲ್ಲ. ಆಮೇಲೆ ಒಂದು ಭಾನುವಾರ ಎರಡು ಮುಹೂರ್ತ ಬಿತ್ತು. ಮೂರು ಡ್ರಮ್ ಬಂತು. ರಾತ್ರಿ ಎಂಟು ಗಂಟೆ, ಸೆಕೆ ಬೇರೆ, ಬೆಳಗಾಗುವಷ್ಟರಲ್ಲಿ ಹಳಸಿಹೋಗುತ್ತೆ ಅಂತ ಅಷ್ಟನ್ನೂ ಗೋದಲಿಗೆ ಸುರಿದೆ. ಗೌರಿ ಪಕ್ಕದ ಹಸುವಿನ ಪಾಲನ್ನೂ ತಿಂದಳು. 15 ಕೆಜಿಗೆ ಕಮ್ಮಿ ಇರಲಿಲ್ಲ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು: ಹೊಟ್ಟೆ ತುಂಬಿದೆಯಲ್ಲ ಅಂತ ಆ ರಾತ್ರಿ ರಾಗಿ ಹುಲ್ಲು ಹಾಕಲೇ ಇಲ್ಲ.

ಹುಲ್ಲು ಯಾಕೆ ಅಷ್ಟು ಮುಖ್ಯ ಅಂದ್ರೆ, ಹಸು ಹುಲ್ಲು ತಿಂದರೆ ಮೆಲುಕು ಹಾಕುತ್ತೆ, ಮೆಲುಕು ಹಾಕಿದರೆ ಜೊಲ್ಲು ಬರುತ್ತೆ. ದಿನಕ್ಕೆ 100 ಲೀಟರ್‌ಗೂ ಜಾಸ್ತಿ ಜೊಲ್ಲು ಒಳಗೆ ಹೋಗುತ್ತೆ, ಅದರಲ್ಲಿ ಸೋಡಾದಂಥ ಅಂಶ ಇದೆ, ಹೊಟ್ಟೆಯ ಹುಳಿಯನ್ನು ಅದೇ ತಗ್ಗಿಸುವುದು. ಬೆಂದ ಅನ್ನಕ್ಕೆ ಮೆಲುಕೇ ಬೇಡ. ಅದು ಬರೀ ಪಿಷ್ಟ, ಮೊದಲ ಹೊಟ್ಟೆಗೆ (ಹಸುವಿನ ಹೊಟ್ಟೆಯಲ್ಲಿ ನಾಲ್ಕು ಭಾಗ ಇದೆ) ಬಿದ್ದ ಕೂಡಲೇ ಹುದುಗಿ ಹುಳಿಯಾಗುತ್ತೆ. ಒಳಗಿರುವ ಸೂಕ್ಷ್ಮಜೀವಿಗಳು ದಿನಾ ಏನು ಬೀಳುತ್ತೋ ಅದಕ್ಕೆ ಒಗ್ಗಿಕೊಂಡಿರುತ್ತವೆ. ಹೊಸದಕ್ಕೆ ಒಗ್ಗೋಕೆ ಎರಡು ಮೂರು ವಾರ ಬೇಕು. ಐದು ದಿನ ಸೊನ್ನೆ, ಆರನೇ ದಿನ 15 ಕೆಜಿ ಅಂದರೆ ಹುಲ್ಲು ಕರಗಿಸುವ ಜೀವಿಗಳು ಸತ್ತು, ಹುಳಿ ಮಾಡುವಂಥವು ಮಾತ್ರ ಉಕ್ಕುತ್ತವೆ.

ಬೆಳಗ್ಗೆ ಐದಕ್ಕೆ ಹೋದಾಗ ಗೌರಿ ಏಳಲಿಲ್ಲ. ಹಲ್ಲು ಕಡಿಯುವ ಸದ್ದು ಕೊಟ್ಟಿಗೆ ಬಾಗಿಲಿಗೇ ಕೇಳಿಸುತ್ತಿತ್ತು. ಕಣ್ಣು ಗುಳಿಬಿದ್ದಿತ್ತು. ಸಗಣಿ ನೀರಾಗಿತ್ತು, ಹುಳಿ ವಾಸನೆ, ಅದರಲ್ಲಿ ಅನ್ನದ ಅಗುಳು ಹಾಗೇ ಕಾಣುತ್ತಿತ್ತು. ಎಡಪಕ್ಕೆ ತಟ್ಟಿದರೆ ಕೊಡದಲ್ಲಿ ನೀರು ಕುಲುಕಿದ ಹಾಗೆ. ನಾನು ಹೊಟ್ಟೆ ಉಬ್ಬರ ಅಂದುಕೊಂಡು ಕಡ್ಲೆಕಾಯಿ ಎಣ್ಣೆ ಕುಡಿಸಿ ಕಾದೆ. ನಾಲ್ಕು ಗಂಟೆ ಹಾಗೇ ಹೋಯಿತು. ಡಾಕ್ಟರ್ ಬಂದು ನಳಿಗೆ ಹಾಕಿ ಹೊಟ್ಟೆಯ ನೀರು ತೆಗೆದು ಹುಳಿ ಎಷ್ಟಿದೆ ಅಂತ ತೋರಿಸುವ ಪಿಎಚ್ ಕಾಗದ ಅದ್ದಿದರು. ಆರರ ಮೇಲೆ ಇರಬೇಕಿತ್ತು, ಐದಕ್ಕಿಂತ ಕೆಳಗಿತ್ತು, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಸೋಡಾ ಕುಡಿಸಿದರು, ಬಾಟಲಿ ಮೇಲೆ ಬಾಟಲಿ ಡ್ರಿಪ್ ಹಾಕಿದರು. ಮಾರನೇ ದಿನ ನಸುಕಿನಲ್ಲಿ ಹೋಗಿಬಿಟ್ಟಳು. ಅವಳ ಕರುವಿಗೆ ಆಗ ಮೂರು ತಿಂಗಳು.

ಆಮೇಲೆ ಅಂಗಿ ಜೇಬಿನಲ್ಲಿದ್ದ ಡೈರಿ ಚೀಟಿಗಳನ್ನೆಲ್ಲ ಜೋಡಿಸಿ ನೋಡಿದೆ. ಹಾಲಿನ ಫ್ಯಾಟ್ (ಕೊಬ್ಬಿನ ಅಂಶ) 3.8 ಇದ್ದದ್ದು 3.5, 3.3, 3.1 ಅಂತ ಇಳಿಯುತ್ತಾ ಬಂದಿತ್ತು. ಹಾಲು ಜಾಸ್ತಿ, ಫ್ಯಾಟ್ ಕಮ್ಮಿ. ನಾನು ಮಷೀನ್ ಸರಿ ಇಲ್ಲ ಅಂತ ಡೈರಿಯಲ್ಲಿ ಜಗಳ ಆಡಿದ್ದೆ. ಹೊಟ್ಟೆಯಲ್ಲಿ ಹುಳಿ ಏರುತ್ತಿದೆ ಅನ್ನೋದನ್ನ ಆ ಚೀಟಿ ಎರಡು ವಾರದಿಂದ ಹೇಳುತ್ತಾ ಇತ್ತು.

ಅದಕ್ಕೇ ಹೇಳುತ್ತೇನೆ, ಎಷ್ಟು ಕೆಜಿ ಹಾಕಬಹುದು ಅನ್ನೋ ನಿಮ್ಮ ಪ್ರಶ್ನೆಯೇ ಸರಿ ಇಲ್ಲ. ದಿನಾ ಒಂದೇ ಅಳತೆಯಲ್ಲಿ ಬರುತ್ತಾ ಅಂತ ಕೇಳಿಕೊಳ್ಳಿ. ಛತ್ರದ ಅನ್ನ ಹಾಗೆ ಬರಲ್ಲ. ಆಷಾಢದಲ್ಲಿ ಮದುವೆಯೇ ಇಲ್ಲ, ಆಗ ಏನು ಹಾಕುತ್ತೀರಿ? ಪುಕ್ಕಟೆ ಅನ್ನುವುದಕ್ಕೂ ನಾನು ಒಪ್ಪಲ್ಲ. ಬೂಸಾದಲ್ಲಿರುವಷ್ಟು ಪ್ರೋಟೀನ್ ಅನ್ನದಲ್ಲಿಲ್ಲ, ಅದನ್ನು ಹಿಂಡಿಯಲ್ಲೋ ಬೂಸಾದಲ್ಲೋ ದುಡ್ಡು ಕೊಟ್ಟೇ ತುಂಬಬೇಕು.

ಸುಮ್ನೆ ಸಿಗುವುದೆಲ್ಲ ಕೆಟ್ಟದ್ದು ಅಂತ ಹೇಳುತ್ತಿಲ್ಲ. ನಾನೀಗ ಬೆಂಗಳೂರಿನ ಒಂದು ಬಿಯರ್ ತಯಾರಿಸುವ ಕಡೆಯಿಂದ ಬಾರ್ಲಿ ಚರಟ ತರುತ್ತೇನೆ. ಅದರ ಪಿಷ್ಟ ಬಿಯರಿಗೆ ಹೋಗಿರುತ್ತೆ, ನಾರು ಮತ್ತು ಪ್ರೋಟೀನ್ ಉಳಿದಿರುತ್ತೆ. ಮುಕ್ಕಾಲು ಪಾಲು ನೀರೇ, ಹಾಗಾಗಿ ಬಾಡಿಗೆ ಲೆಕ್ಕ ಹಾಕಿ ತರಬೇಕು. ಬೇಸಿಗೆಯಲ್ಲಿ ಎರಡು ಮೂರು ದಿನಕ್ಕೇ ಕೆಡುತ್ತೆ. ಬೂಷ್ಟು ಕಂಡರೆ ಆ ಚೀಲ ಪೂರ್ತಿ ಗೊಬ್ಬರದ ಗುಂಡಿಗೆ, ಮೇಲಿನದ್ದು ತೆಗೆದು ಕೆಳಗಿನದ್ದು ಹಾಕುವುದೂ ಬೇಡ, ಬೂಷ್ಟಿನ ವಿಷ ಹಾಲಿಗೂ ಇಳಿಯುತ್ತೆ. ಒಂದು ಹಸುವಿಗೆ ದಿನಕ್ಕೆ 6 ಕೆಜಿ ಹಾಕುತ್ತೇನೆ, ಅಷ್ಟಕ್ಕೆ ಬರೋಕೆ ಮೂರು ವಾರ ತಗೊಂಡೆ. ಅದರಲ್ಲಿ ಕ್ಯಾಲ್ಸಿಯಂ ಕಮ್ಮಿ, ಖನಿಜ ಮಿಶ್ರಣ ತಪ್ಪಿಸಲ್ಲ. ಮೊದಲು ರಾಗಿ ಹುಲ್ಲು, ಆಮೇಲೆ ಮಿಕ್ಕಿದ್ದೆಲ್ಲ.

ನಾಲ್ಕು ದಿನದಿಂದ ಅನ್ನ ಹಾಕುತ್ತಿದ್ದೇನೆ, ಒಂದು ಹಸು ಇವತ್ತು ಮೇವು ಬಿಟ್ಟಿದೆ ಅಂತ ಕೊನೆಯಲ್ಲಿ ಬರೆದಿದ್ದೀರಿ. ಆ ಸಾಲು ನೋಡಿಯೇ ಇಷ್ಟು ಬರೆದಿದ್ದು. ಇವತ್ತೇ ಅನ್ನ ನಿಲ್ಲಿಸಿ, ಒಣ ಹುಲ್ಲು ಮಾತ್ರ ಹಾಕಿ. ಮೆಲುಕು ಹಾಕುತ್ತಿದೆಯಾ ನೋಡಿ, ಸಗಣಿ ಮುಟ್ಟಿ ನೋಡಿ. ಮೆಲುಕು ನಿಂತಿದ್ದರೆ, ಇಲ್ಲಾ ಸಗಣಿ ಹುಳಿ ವಾಸನೆ ಬಂದರೆ ಎಣ್ಣೆ ಗಿಣ್ಣೆ ಕುಡಿಸಬೇಡಿ. ಊರ ಪಶು ಡಾಕ್ಟರಿಗೆ ಫೋನ್ ಮಾಡಿ, ಸಿಗದಿದ್ದರೆ ಪಶು ಸಹಾಯವಾಣಿ 1962ಕ್ಕೆ. ಎಷ್ಟು ಅನ್ನ ತಿಂದಿದೆ, ಯಾವಾಗ ತಿಂದಿದೆ ಅಂತ ಮೊದಲೇ ಹೇಳಿಬಿಡಿ. ಅಡುಗೆ ಸೋಡಾ ಎಷ್ಟು ಕುಡಿಸಬೇಕು ಅಂತ ಅವರನ್ನೇ ಫೋನಿನಲ್ಲಿ ಕೇಳಿ, ಅದನ್ನು ಕೇಳೋಕೆ ಅವರು ಬರುವವರೆಗೂ ಕಾಯಬೇಡಿ.