ಅಂಕಿ-ಅಂಶ ಪ್ರಶ್ನೋತ್ತರ: ಟೊಮ್ಯಾಟೊ ಬಾಕ್ಸ್ ಲೆಕ್ಕದಲ್ಲಿ, ಅಂತರ್ಜಲ ಅಡಿ ಲೆಕ್ಕದಲ್ಲಿ

ಸರ್ಕಾರಿ ಜಾಲತಾಣಗಳಲ್ಲಿ ಎಲ್ಲರಿಗೂ ಮುಕ್ತವಾಗಿ ಸಿಗುವ ಅಂಕಿ-ಅಂಶಗಳನ್ನು ಗ್ರಾಫ್, ನಕ್ಷೆಗಳಾಗಿ ಮಾಡಿ ಊರಿನವರ ಮುಂದಿಡುವ ಬಗ್ಗೆ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಬಾರಿ ಉತ್ತರ.

ಪ್ರಶ್ನೆ: ನಮ್ಮ ರೈತ ಗುಂಪಿನ ವಾಟ್ಸಾಪ್‌ಗೆ ಕೋಲಾರ ಎಪಿಎಂಸಿಯ ಟೊಮ್ಯಾಟೊ ದರದ ಗ್ರಾಫ್ ಹಾಕುತ್ತೇನೆ. ಕೇಂದ್ರ ಸರ್ಕಾರದ ಮಾರುಕಟ್ಟೆ ದರಗಳ ಜಾಲತಾಣ ಅಗ್‌ಮಾರ್ಕ್‌ನೆಟ್‌ನಿಂದ ಇಳಿಸಿಕೊಂಡ ಕನಿಷ್ಠ, ಗರಿಷ್ಠ, ಮಾದರಿ ದರ ಮೂರೂ ಅದರಲ್ಲಿ ಇರುತ್ತವೆ. ಆದರೂ ಎಲ್ಲರೂ ಫೋನ್ ಮಾಡಿ 'ರೇಟೆಷ್ಟು?' ಎಂದೇ ಕೇಳುತ್ತಾರೆ. ಏನು ತಪ್ಪಾಗುತ್ತಿದೆ?
— ಓದುಗರು, ಶ್ರೀನಿವಾಸಪುರ ತಾಲ್ಲೂಕು

ಉತ್ತರ: ಮೊದಲು ಅಳತೆ ನೋಡಿ. ಅಗ್‌ಮಾರ್ಕ್‌ನೆಟ್ ದರ ಕೊಡುವುದು ಕ್ವಿಂಟಲ್‌ಗೆ. ನಿಮ್ಮ ಗುಂಪಿನವರು ಮಂಡಿಯಲ್ಲಿ ಮಾತಾಡುವುದು 15 ಕೆ.ಜಿ. ಬಾಕ್ಸ್ ಲೆಕ್ಕದಲ್ಲಿ. 2,000 ಎಂದು ಕಂಡವರು ಅದನ್ನು ನೂರರಿಂದ ಭಾಗಿಸಿ ಹದಿನೈದರಿಂದ ಗುಣಿಸಬೇಕು. ಅಷ್ಟು ಮಾಡುವುದಕ್ಕಿಂತ ನಿಮಗೆ ಫೋನ್ ಮಾಡುವುದೇ ಸುಲಭ. ಶೀಟ್‌ನಲ್ಲಿ ಹೊಸ ಕಾಲಂ ಮಾಡಿ ಕ್ವಿಂಟಲ್ ದರವನ್ನು 0.15ರಿಂದ ಗುಣಿಸಿ. 2,000 ಇದ್ದದ್ದು ಬಾಕ್ಸ್‌ಗೆ 300 ರೂಪಾಯಿ ಆಗುತ್ತದೆ. ಗ್ರಾಫ್‌ನಲ್ಲಿ ಇದೊಂದೇ ಇರಲಿ.

ಮೂರು ಗೆರೆ ಬೇಡ. ಮಾದರಿ ದರವೆಂದರೆ ಅಂದು ಹೆಚ್ಚಿನ ಮಾಲು ಮಾರಾಟವಾದ ದರ. ಅದನ್ನು ಮಾತ್ರ ದಪ್ಪ ಗೆರೆಯಾಗಿ ಎಳೆಯಿರಿ. ಕನಿಷ್ಠ-ಗರಿಷ್ಠಗಳ ನಡುವಿನ ಜಾಗಕ್ಕೆ ಅದೇ ಬಣ್ಣದ ತಿಳಿ ಛಾಯೆ ತುಂಬಿ. ಡೇಟಾರ್ಯಾಪರ್ ಎಂಬ ಉಚಿತ ತಾಣದಲ್ಲಿ ಎರಡು ಗೆರೆಗಳ ನಡುವೆ ಬಣ್ಣ ತುಂಬುವ ಆಯ್ಕೆಯಿದೆ. ಪಕ್ಕದಲ್ಲಿ ಬಣ್ಣಗಳ ಸೂಚಿ ಇಡುವ ಬದಲು ಗೆರೆ ಮುಗಿಯುವಲ್ಲೇ 'ಇಂದು 300 ರೂ.' ಎಂದು ಬರೆಯಿರಿ. ಅವರು ಫೋನ್ ಮಾಡಿ ಕೇಳುತ್ತಿರುವುದು ಅದನ್ನೇ.

ಗೆರೆ ಹಲ್ಲುಹಲ್ಲಾಗಿ ಕುಣಿಯುತ್ತಿದ್ದರೆ ತಳಿಯ ಕಾಲಂ ನೋಡಿ. ಒಂದೇ ದಿನಕ್ಕೆ ಎರಡು ತಳಿಯ ಎರಡು ಸಾಲು ಇರಬಹುದು. ಒಂದನ್ನು ಆರಿಸಿ, ಕೊನೆಯವರೆಗೆ ಅದನ್ನೇ ಇಟ್ಟುಕೊಳ್ಳಿ. ಮಾರುಕಟ್ಟೆಗೆ ರಜೆಯಿದ್ದ ದಿನದ ಚೌಕ (ಸೆಲ್) ಖಾಲಿಯಾಗಿಯೇ ಇರಲಿ. ಅಲ್ಲಿ ಸೊನ್ನೆ ಬಿದ್ದರೆ ಗೆರೆ ನೆಲ ಮುಟ್ಟಿ ಮೇಲೇಳುತ್ತದೆ, ದರ ಬಿದ್ದುಹೋಯಿತೆಂದು ಜನ ಗಾಬರಿಯಾಗುತ್ತಾರೆ.

ಆವಕವನ್ನೂ (ಮಂಡಿಗೆ ಬಂದ ಮಾಲು) ತೋರಿಸಬೇಕೆನಿಸಿದರೆ ಕೆಳಗೆ ಬೇರೆಯೇ ಸಣ್ಣ ಗ್ರಾಫ್ ಮಾಡಿ, ದಿನಾಂಕಗಳು ಮೇಲಿನದಕ್ಕೆ ನೇರವಾಗಿ ಕೂರಲಿ. ಒಂದೇ ಚಿತ್ರದಲ್ಲಿ ಎಡಕ್ಕೆ ರೂಪಾಯಿ, ಬಲಕ್ಕೆ ಟನ್ ಇಟ್ಟರೆ ಎರಡು ಗೆರೆ ಎಲ್ಲಿ ಅಡ್ಡ ಹಾಯುತ್ತವೆ ಎಂಬುದು ನೀವು ಹಾಕಿದ ಅಳತೆಪಟ್ಟಿಯ ಆಟವಷ್ಟೇ. ಓದುವವರು ಅದಕ್ಕೆ ಅರ್ಥ ಹಚ್ಚುತ್ತಾರೆ. ಚಿತ್ರ 1080 × 1350 ಪಿಕ್ಸೆಲ್ ಇದ್ದರೆ ಮೊಬೈಲ್ ಪರದೆಯ ಹೆಚ್ಚಿನ ಭಾಗ ತುಂಬುತ್ತದೆ. ಅಕ್ಷರ ಕಾಣುತ್ತವೆಯೇ ಎಂದು ಕಂಪ್ಯೂಟರ್‌ನಲ್ಲಲ್ಲ, ಫೋನ್‌ನಲ್ಲಿ, ಬಿಸಿಲಿಗೆ ಹಿಡಿದು ನೋಡಿ. ಮೂಲ ಮತ್ತು ದಿನಾಂಕ ಚಿತ್ರದ ಒಳಗೇ ಇರಲಿ, ಫಾರ್ವರ್ಡ್ ಆದಾಗ ಪಕ್ಕದ ಬರಹ ಕಳಚಿಹೋಗುತ್ತದೆ.

ಪ್ರಶ್ನೆ: ಅಂತರ್ಜಲ ಮಂಡಳಿಯ ಅಂಕಿ ಹಾಕಿ ನಮ್ಮ ಅರಿವು ಕೇಂದ್ರದ ಗೋಡೆಗೆ ಬಾರ್ ಗ್ರಾಫ್ ಅಂಟಿಸಿದೆವು. ಬಾರ್ ಎತ್ತರವಾಗಿದ್ದ ವರ್ಷ ನೀರು ಚೆನ್ನಾಗಿತ್ತು ಎಂದು ಎಲ್ಲರೂ ಓದಿಕೊಂಡರು, ಆದರೆ ಅದು ಬರದ ವರ್ಷ. ಗ್ರಾಮಸಭೆಗೆ ಮೊದಲು ಸರಿಪಡಿಸುವುದು ಹೇಗೆ?
— ಗ್ರಂಥಾಲಯ ಮೇಲ್ವಿಚಾರಕಿ, ಕೋಲಾರ ತಾಲ್ಲೂಕು

ಉತ್ತರ: ಆ ಅಂಕಿ ನೆಲಮಟ್ಟದಿಂದ ನೀರು ಎಷ್ಟು ಮೀಟರ್ ಕೆಳಗಿದೆ ಎಂಬುದರದು. ಅಂಕಿ ದೊಡ್ಡದಾದಷ್ಟೂ ನೀರು ಪಾತಾಳಕ್ಕೆ ಹೋಗಿದೆ ಎಂದರ್ಥ. ಅದಕ್ಕೇ ಗ್ರಾಫ್ ತಲೆಕೆಳಗಾಗಬೇಕು. ಎಕ್ಸೆಲ್‌ನಲ್ಲಿ ಎಡಗಡೆಯ ಅಂಕಿಗಳ ಮೇಲೆ ರೈಟ್ ಕ್ಲಿಕ್ ಮಾಡಿ, ಫಾರ್ಮ್ಯಾಟ್ ಆಕ್ಸಿಸ್ ತೆರೆದು, 'ವ್ಯಾಲ್ಯೂಸ್ ಇನ್ ರಿವರ್ಸ್ ಆರ್ಡರ್' ಗುರುತು ಮಾಡಿ. ಸೊನ್ನೆ ಮೇಲೆ ಹೋಗುತ್ತದೆ. ಆ ಗೆರೆಗೆ 'ನೆಲ' ಎಂದು ಹೆಸರಿಡಿ. ಮೀಟರನ್ನು 3.28ರಿಂದ ಗುಣಿಸಿ ಅಡಿಗೆ ತನ್ನಿ, ಬೋರ್‌ವೆಲ್ ಮಾತೆಲ್ಲ ಅಡಿಯಲ್ಲೇ ನಡೆಯುವುದು. 40 ಮೀಟರ್ ಎಂದರೆ ಸುಮಾರು 131 ಅಡಿ. ಇದು ವೀಕ್ಷಣಾ ಬಾವಿಯಲ್ಲಿ ನೀರು ನಿಂತ ಆಳ, ಕೊರೆಯಬೇಕಾದ ಆಳವಲ್ಲ ಎಂದೂ ಬರೆಯಿರಿ. ಬರೆಯದಿದ್ದರೆ ಯಾರಾದರೂ ಅದನ್ನು ನಂಬಿ ಬೋರ್ ಲಾರಿ ಕರೆಸಿಯಾರು.

ಇದಕ್ಕಿಂತ ದೊಡ್ಡ ಅಪಾಯ ಸರಾಸರಿಯಲ್ಲಿದೆ. ಬಾವಿ ಬತ್ತಿದರೆ ಅದರ ಚೌಕ ಖಾಲಿ ಬರುತ್ತದೆ, ಎಕ್ಸೆಲ್ ಖಾಲಿಯನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯುತ್ತದೆ. ಕೆಟ್ಟ ಬಾವಿಗಳು ಲೆಕ್ಕದಿಂದ ಹೊರಬಿದ್ದು, ಬರದ ವರ್ಷವೇ ಸುಧಾರಿಸಿದಂತೆ ಕಾಣುತ್ತದೆ. ನೀವು ತೋರಿಸುವ ಎಲ್ಲ ವರ್ಷಗಳಲ್ಲೂ ಅಳತೆ ಇರುವ ಬಾವಿಗಳನ್ನಷ್ಟೇ ಸರಾಸರಿಗೆ ತೆಗೆದುಕೊಳ್ಳಿ. ಬತ್ತಿದವು ಎಷ್ಟೆಂದು ಅದರ ಕೆಳಗೇ ದೊಡ್ಡ ಅಕ್ಷರದಲ್ಲಿ ಬರೆಯಿರಿ. ನನ್ನ ಮಟ್ಟಿಗೆ ಆ ಸಂಖ್ಯೆಯೇ ಇಡೀ ಗ್ರಾಫ್‌ಗಿಂತ ಹೆಚ್ಚು ಹೇಳುತ್ತದೆ. ತೆರೆದ ಬಾವಿ ಮತ್ತು ಕೊಳವೆ ಬಾವಿಗಳನ್ನು ಬೆರೆಸಬೇಡಿ. ಮೇ ತಿಂಗಳನ್ನು ಮೇ ತಿಂಗಳಿಗೇ ಹೋಲಿಸಿ, ನವೆಂಬರಿಗಲ್ಲ. ನವೆಂಬರ್ ಹೊತ್ತಿಗೆ ಮಳೆ ನೀರು ನೆಲದೊಳಕ್ಕೆ ಇಳಿದು ಬಾವಿಯ ಮಟ್ಟ ಏರಿರುತ್ತದೆ.

ಕೋಲಾರದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೊಡುವ ಕೆ.ಸಿ. ವ್ಯಾಲಿ ಯೋಜನೆಯ ನೀರು ಇಲ್ಲಿನ ಕೆರೆಗಳಿಗೆ ಬರಲು ಶುರುವಾದದ್ದು 2018ರಲ್ಲಿ. 2021ರ ನವೆಂಬರ್‌ನಲ್ಲಿ ಭಾರಿ ಮಳೆಯೂ ಸುರಿಯಿತು. ಗ್ರಾಫ್ ಮೇಲೆ 2018ರ ಗುರುತನ್ನಷ್ಟೇ ಹಾಕಿದರೆ ಏರಿದ ನೀರೆಲ್ಲ ಯೋಜನೆಯದೇ ಎಂದು ಹೇಳಿದಂತಾಗುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿವಾರು ಮಳೆ ಅಂಕಿ ಕೊಡುತ್ತದೆ. ಅದನ್ನು ಮೇಲ್ಗಡೆ ಪುಟ್ಟ ಬಾರ್‌ಗಳಾಗಿ ಇಟ್ಟು, ತೀರ್ಮಾನವನ್ನು ಸಭೆಗೆ ಬಿಡಿ.

ವರ್ಷಕ್ಕೆ ತುಂಬುವ ಅಂತರ್ಜಲದಲ್ಲಿ ಶೇಕಡ ಎಷ್ಟನ್ನು ಎತ್ತುತ್ತೇವೆ ಎಂಬ ಬಳಕೆಯ ಪ್ರಮಾಣ ತೋರಿಸಲು ಪೈ ಚಾರ್ಟ್ ಹಾಕಲೇಬೇಡಿ. ತುಂಬುವುದಕ್ಕಿಂತ ಹೆಚ್ಚು ನೀರೆತ್ತುವ ತಾಲ್ಲೂಕಿನಲ್ಲಿ ಅದು ಶೇ 100 ದಾಟಿರುತ್ತದೆ, ವೃತ್ತದಲ್ಲಿ ಹಿಡಿಸುವುದಿಲ್ಲ. ಅಡ್ಡ ಬಾರ್ ಎಳೆದು 100ರ ಬಳಿ ಒಂದು ಗಡಿಗೆರೆ ಹಾಕಿ.

ಪ್ರಶ್ನೆ: ಕೋಲಾರ ಜಿಲ್ಲೆಯ ಹಳೆಯ ಅಂಕಿ ಜೋಡಿಸಿದಾಗ ರೇಷ್ಮೆ ಗೂಡಿನ ಉತ್ಪಾದನೆ 2007ರ ಸುಮಾರಿಗೆ ದಿಢೀರ್ ಕುಸಿಯುತ್ತದೆ. ಏನಾಗಿತ್ತು?
— ಪದವಿ ವಿದ್ಯಾರ್ಥಿ, ಶಿಡ್ಲಘಟ್ಟ

ಉತ್ತರ: ಆ ವರ್ಷ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಯಿತು. ನಿಮ್ಮ ಶಿಡ್ಲಘಟ್ಟವೂ ಚಿಂತಾಮಣಿಯೂ ಅಲ್ಲಿಗೆ ಹೋದವು. 2007ರ ನಂತರದ ಅಂಕಿಗೆ ಎರಡೂ ಜಿಲ್ಲೆಗಳನ್ನು ಕೂಡಿಸಿ 'ಅವಿಭಜಿತ ಕೋಲಾರ' ಎಂದು ಹೆಸರಿಡಿ. ತಾಲ್ಲೂಕುವಾರು ಸರಣಿಯಲ್ಲೂ ಇದೇ ತೊಂದರೆ ಬರುತ್ತದೆ: ಬಂಗಾರಪೇಟೆಯಿಂದ ಕೆಜಿಎಫ್ ಪ್ರತ್ಯೇಕವಾಗಿದೆ.

ಪ್ರಶ್ನೆ: ತುಮಕೂರು ಜಿಲ್ಲೆಯ ಹತ್ತು ತಾಲ್ಲೂಕುಗಳ ನಕ್ಷೆಗೆ ಅಂಗನವಾಡಿ ಸಂಖ್ಯೆ ತುಂಬಿದೆ. ಎರಡು ತಾಲ್ಲೂಕು ಬಿಳಿಯಾಗಿ ಉಳಿದವು, ಪಾವಗಡ ಪ್ರತ್ಯೇಕವಾಗಿ ತೇಲುತ್ತಿದೆ.
— ಓದುಗರು, ಗುಬ್ಬಿ

ಉತ್ತರ: ಪಾವಗಡ ಇರುವುದೇ ಹಾಗೆ. ಮೂರು ಕಡೆ ಆಂಧ್ರಪ್ರದೇಶ, ಒಂದು ಕಡೆ ಚಿತ್ರದುರ್ಗ ಜಿಲ್ಲೆ. ಎಳೆದು ಅಂಟಿಸಲು ಹೋಗಬೇಡಿ. ಬಿಳಿ ಉಳಿದದ್ದು ನಕ್ಷೆಯ ಕಡತದಲ್ಲಿನ ಹೆಸರಿಗೂ ಅಂಕಿಯ ಕಡತದಲ್ಲಿನ ಹೆಸರಿಗೂ ಹೊಂದಾಣಿಕೆಯಾಗದ್ದರಿಂದ. ಇಂಗ್ಲಿಷ್ ಕಡತಗಳಲ್ಲಿ ತುಮಕೂರಿಗೆ 2014ರ ಹಿಂದಿನ 'ಟುಮ್‌ಕುರ್' ಕಾಗುಣಿತವೇ ಉಳಿದಿರುತ್ತದೆ, ಶಿರಾಕ್ಕೂ ಎರಡು ಬಗೆಯ ಬರವಣಿಗೆ ಇದೆ. ಹೆಸರು ಬಿಟ್ಟು ಸರ್ಕಾರದ ಸ್ಥಳೀಯಾಡಳಿತ ಡೈರೆಕ್ಟರಿಯ ಕೋಡ್ ಸಂಖ್ಯೆಯಿಂದ ಜೋಡಿಸಿ. ಕೋಡ್ ಕಾಲಂ ಅನ್ನು ಟೆಕ್ಸ್ಟ್ ಆಗಿಯೇ ತೆರೆಯಿರಿ, ಇಲ್ಲದಿದ್ದರೆ ಕೋಡ್‌ನ ಮೊದಲಿಗಿರುವ ಸೊನ್ನೆಗಳನ್ನು ಎಕ್ಸೆಲ್ ನುಂಗುತ್ತದೆ.

ಬರಿಯ ಸಂಖ್ಯೆಗೆ ಬಣ್ಣ ಹಚ್ಚಿದರೆ ಜನ ಹೆಚ್ಚಿರುವ ತಾಲ್ಲೂಕು ಯಾವಾಗಲೂ ಗಾಢವಾಗಿಯೇ ಕಾಣುತ್ತದೆ. ಆರು ವರ್ಷದೊಳಗಿನ ಸಾವಿರ ಮಕ್ಕಳಿಗೆ ಎಷ್ಟು ಅಂಗನವಾಡಿ ಎಂದು ಲೆಕ್ಕ ಹಾಕಿ, ಮಕ್ಕಳ ಸಂಖ್ಯೆ 2011ರ ಜನಗಣತಿಯದಾದರೆ ಆ ಇಸವಿಯನ್ನು ಚಿತ್ರದಲ್ಲೇ ನಮೂದಿಸಿ. ಒಂದೇ ಬಣ್ಣದ ನಾಲ್ಕೈದು ಛಾಯೆ ಸಾಕು, ಜೆರಾಕ್ಸ್ ತೆಗೆದರೂ ವ್ಯತ್ಯಾಸ ತಿಳಿಯಬೇಕು. ಹತ್ತೇ ತಾಲ್ಲೂಕಿಗಾದರೆ ನಕ್ಷೆಗಿಂತ ಹೆಚ್ಚಿನಿಂದ ಕಡಿಮೆಗೆ ಜೋಡಿಸಿದ ಅಡ್ಡ ಬಾರ್‌ಗಳೇ ಮೇಲು. ಗುಬ್ಬಿ ಎಷ್ಟನೆಯದೆಂದು ಒಂದೇ ನೋಟಕ್ಕೆ ಸಿಗುತ್ತದೆ.

ಪ್ರಶ್ನೆ: ಇಲಾಖೆಯಿಂದ ಸಿಕ್ಕ ಕಡತದಲ್ಲಿ ಊರಿನ ಹೆಸರುಗಳೆಲ್ಲ ವಿಚಿತ್ರ ಚಿಹ್ನೆಗಳಾಗಿವೆ. ಓದುವಂತೆ ಮಾಡುವುದು ಹೇಗೆ?
— ಓದುಗರು, ಗೌರಿಬಿದನೂರು

ಉತ್ತರ: ಎರಡು ರೋಗ ಒಂದೇ ಥರ ಕಾಣುತ್ತವೆ, ಔಷಧ ಬೇರೆ. ತಲೆಯ ಮೇಲೆ ಓರೆಗೆರೆ ಇರುವ ಇಂಗ್ಲಿಷ್ ಚಿಕ್ಕ 'ಎ', ಅದರ ಪಕ್ಕ ಮೇಲಕ್ಕೇರಿದ ಸಣ್ಣ 2 ಅಥವಾ 3 ಮತ್ತೆ ಮತ್ತೆ ಬರುತ್ತಿದ್ದರೆ ಕಡತ ಯೂನಿಕೋಡ್‌ನಲ್ಲೇ ಇದೆ, ಎಕ್ಸೆಲ್ ತಪ್ಪಾಗಿ ತೆರೆದಿದೆ. ಡಬಲ್ ಕ್ಲಿಕ್ ಮಾಡದೆ, ಡೇಟಾ ಮೆನುವಿನ 'ಫ್ರಮ್ ಟೆಕ್ಸ್ಟ್/ಸಿಎಸ್‌ವಿ' ಮೂಲಕ ತೆರೆದು 65001 ಯುಟಿಎಫ್-8 ಆರಿಸಿ.

ಹಾಗಿಲ್ಲದೆ ಬಗೆಬಗೆಯ ಚಿಹ್ನೆಗಳು ಬೆರೆತಿದ್ದರೆ ಅದು ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಬೆರಳಚ್ಚಾದದ್ದು. ಯೂನಿಕೋಡ್ ಪರಿವರ್ತಕಕ್ಕೆ ಹಾಕಬೇಕು, ಆದರೆ ಹೆಸರಿನ ಕಾಲಂ ಮಾತ್ರ. ಇಡೀ ಶೀಟ್ ಹಾಕಿದರೆ ಅದರಲ್ಲಿರುವ ಇಂಗ್ಲಿಷ್ ಪದಗಳೂ ಕನ್ನಡದ ಅರ್ಥವಿಲ್ಲದ ಅಕ್ಷರಗಳಾಗುತ್ತವೆ. ಪರಿವರ್ತನೆಯಾದ ಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ಹೆಸರುಗಳನ್ನು ಒಂದೊಂದಾಗಿ ಕಣ್ಣಾಡಿಸಿ ನೋಡಿ. ಪರಿವರ್ತಕಗಳು ಹೆಚ್ಚಾಗಿ ಎಡವುವುದು ಅಲ್ಲೇ.