ಪ್ರಾಚೀನ ಸಂಗೀತದ ಟೆನರ್ ಎಂದರೆ ಸಣ್ಣ ದನಿಯವನೇ?

ಒಪೆರಾ (ಹಾಡಿನಲ್ಲೇ ಸಾಗುವ ನಾಟಕ) ರಂಗಮಂದಿರವನ್ನು ತುಂಬುವಷ್ಟು ದನಿಯಿಲ್ಲದ ಟೆನರ್ (ಗಂಡಸರ ಏರುದನಿಯ) ಗಾಯಕರೇ ಯುರೋಪಿನ ಪ್ರಾಚೀನ ಸಂಗೀತವನ್ನು, ಅದರಲ್ಲೂ ಹದಿನೇಳನೆಯ ಶತಮಾನದ ಸಂಗೀತವನ್ನು, ಆರಿಸಿಕೊಳ್ಳುತ್ತಾರೆಯೇ, ಅದರಿಂದ ಜೀವನ ಸಾಗುತ್ತದೆಯೇ ಎಂದು ಕೇಳಿದ್ದೀರಿ. ನಾನು ವೃತ್ತಿಗಾಯಕನಲ್ಲ. ಊರಿನಲ್ಲಿ ಕೆಲವು ವರ್ಷ ಕರ್ನಾಟಕ ಸಂಗೀತ ಕಲಿತು, ಈಗ ಉದ್ಯೋಗ ನಿಮಿತ್ತ ಜರ್ಮನಿಯಲ್ಲಿದ್ದು, ಇಲ್ಲಿನ ಹವ್ಯಾಸಿ ಗಾಯನವೃಂದವೊಂದರ ಟೆನರ್ ಸಾಲಿನಲ್ಲಿ ಹಿಂದೆ ನಿಲ್ಲುವವನು. ನನಗೆ ತಿಳಿದಮಟ್ಟಿಗೆ ನಿಮ್ಮ ಊಹೆ ತಲೆಕೆಳಗಾಗಿದೆ: ಹಗುರವಾದ ದನಿಯನ್ನು ಆ ಸಂಗೀತವೇ ಬೇಡುತ್ತದೆ.

ಇಟಲಿಯ ಗಾಯಕ, ಸಂಗೀತ ರಚನಕಾರ ಜೂಲಿಯೊ ಕಾಚ್ಚೀನಿ 1602ರಲ್ಲಿ ಫ್ಲಾರೆನ್ಸಿನಲ್ಲಿ ಪ್ರಕಟಿಸಿದ ಗೀತಸಂಗ್ರಹದ ಮುನ್ನುಡಿಯಲ್ಲಿ 'ತ್ರಿಲ್ಲೊ' ಎಂಬ ಅಲಂಕಾರವನ್ನು ವಿವರಿಸುತ್ತಾನೆ. ಒಂದೇ ಸ್ವರವನ್ನು 'ಆ'ಕಾರದಲ್ಲಿ, ಮೊದಲು ನಿಧಾನವಾಗಿ, ಬರಬರುತ್ತ ವೇಗವಾಗಿ, ಗಂಟಲಿನಿಂದಲೇ ಮತ್ತೆ ಮತ್ತೆ ತಟ್ಟಬೇಕು. ನಮ್ಮ ಸಂಗೀತದಲ್ಲಿ ಬಿರ್ಕಾ (ಸ್ವರಗಳನ್ನು ಗಂಟಲಿನಲ್ಲಿ ಮಿಂಚಿನಂತೆ ಹೊರಳಿಸುವುದು) ಸಾಧನೆ ಮಾಡಿದ ಯಾರಿಗಾದರೂ ಇದರ ಕಷ್ಟ ಗೊತ್ತು. ಎದೆಯ ಬಲವನ್ನೆಲ್ಲ ಹಾಕಿ ದನಿಯನ್ನು ಸಭಾಂಗಣದ ಕೊನೆಗೆ ಎಸೆಯುತ್ತಿರುವಾಗ ಗಂಟಲು ಅಷ್ಟು ಚುರುಕಾಗಿ ತಿರುಗುವುದಿಲ್ಲ. ಕಾಚ್ಚೀನಿಯ ಕಾಲದವರು ಹಾಡುತ್ತಿದ್ದುದೂ ಅರಮನೆಯ ಕೋಣೆಗಳಲ್ಲಿ, ಲ್ಯೂಟ್ ಜಾತಿಯ ಮೆಲುದನಿಯ ತಂತಿವಾದ್ಯಗಳ ಜೊತೆಗೆ.

1607ರಲ್ಲಿ ಮಾಂಟುವಾದಲ್ಲಿ ಮೊದಲು ಪ್ರದರ್ಶನಗೊಂಡ ಸಂಗೀತ ರಚನಕಾರ ಮೊಂಟೆವೆರ್ಡಿಯ ಒಪೆರಾ 'ಒರ್ಫೆಯೊ'ದ ಮೂರನೆಯ ಅಂಕದಲ್ಲಿ, ನಮ್ಮ ವೈತರಣಿಯನ್ನು ನೆನಪಿಸುವ ಪಾತಾಳದ ನದಿಯನ್ನು ದಾಟಿಸೆಂದು ನಾಯಕ ಅಂಬಿಗನನ್ನು ಹಾಡಿನಿಂದಲೇ ಒಲಿಸಲು ನೋಡುತ್ತಾನೆ. 1609ರಲ್ಲಿ ಅಚ್ಚಾದ ಪ್ರತಿಯಲ್ಲಿ ಈ ಭಾಗದ ಗಾಯನಕ್ಕೆ ಎರಡು ಸಾಲುಗಳಿವೆ: ಒಂದು ಬರಿಯ ಸ್ವರಗಳದ್ದು, ಇನ್ನೊಂದು ಅದೇ ರಾಗರೇಖೆಯನ್ನು ಅಲಂಕಾರಗಳಿಂದ ತುಂಬಿದ್ದು. ಇಪ್ಪತ್ತನೆಯ ಶತಮಾನದಲ್ಲಿ ಆ ಎರಡನೆಯ ಸಾಲಿಗೆ ಜೀವ ತುಂಬಿದವರಲ್ಲಿ ಮುಖ್ಯರು ಇಂಗ್ಲೆಂಡಿನ ಟೆನರ್ ನೈಜೆಲ್ ರಾಜರ್ಸ್ (1935–2022). ಕೇಂಬ್ರಿಡ್ಜಿನ ಕಿಂಗ್ಸ್ ಕಾಲೇಜಿನಲ್ಲಿ ಓದಿ, ಇಟಲಿಯಲ್ಲೂ ಮ್ಯೂನಿಕ್‌ನಲ್ಲೂ ಗಾಯನ ಕಲಿತ ಅವರು, ಮ್ಯೂನಿಕ್‌ನಲ್ಲಿ ಥಾಮಸ್ ಬಿಂಕ್ಲಿ ಮೊದಲಾದವರು ಕಟ್ಟಿದ ಪ್ರಾಚೀನ ಸಂಗೀತದ ಮೇಳದಲ್ಲಿ ವೃತ್ತಿ ಆರಂಭಿಸಿದರು. ಆ ದಿನಗಳ ಏಷ್ಯಾ ಪ್ರವಾಸದಲ್ಲಿ ಕೇಳಿದ ಭಾರತೀಯ ಗಾಯನವು ಅವರ ಗಂಟಲ ಅಲಂಕಾರಗಳ ಹುಡುಕಾಟಕ್ಕೆ ನೆರವಾಯಿತೆಂಬುದು ನನ್ನಂಥವನಿಗೆ ಕೊಂಚ ಹೆಮ್ಮೆಯ ವಿಷಯ. ಹಾಗೆಂದು ಅವರು ಹಾಡಿದ್ದು ನಮ್ಮ ಗಮಕವನ್ನಲ್ಲ, ಕಾಚ್ಚೀನಿಯ ಪುಟಗಳಲ್ಲಿದ್ದುದನ್ನೇ. 'ಒರ್ಫೆಯೊ'ವನ್ನು 1970ರ ದಶಕದಲ್ಲಿ ಯೂರ್ಗೆನ್ ಯೂರ್ಗೆನ್ಸ್ ನಿರ್ದೇಶನದಲ್ಲಿಯೂ, 1980ರ ದಶಕದಲ್ಲಿ ಚಾರ್ಲ್ಸ್ ಮೆಡ್ಲಮ್ ಅವರೊಂದಿಗೆ ತಾವೇ ಜಂಟಿಯಾಗಿ ನಿರ್ದೇಶಿಸಿಯೂ ಅವರು ಧ್ವನಿಮುದ್ರಿಸಿದರು. ನನಗೆ ಮೊದಲನೆಯದೇ ಹೆಚ್ಚು ಇಷ್ಟ.

ಇನ್ನು ಜೀವನೋಪಾಯ. ಜರ್ಮನಿಯ ಒಪೆರಾ ಮಂದಿರಗಳಲ್ಲಿ ಗಾಯಕರಿಗೆ ತಿಂಗಳ ಸಂಬಳದ ನೌಕರಿ ಸಿಗುವುದುಂಟು. ಪ್ರಾಚೀನ ಸಂಗೀತದ ಕ್ಷೇತ್ರದಲ್ಲಿ ಬಹುಮಟ್ಟಿಗೆ ಒಂದೊಂದು ಸಂಗೀತ ಕಚೇರಿಗೆ ಇಷ್ಟೆಂದು ಸಂಭಾವನೆ. ವರ್ಷದ ಸುಗ್ಗಿ ಎರಡು: ಈಸ್ಟರ್‌ಗೆ ಮೊದಲಿನ ವಾರಗಳಲ್ಲಿ ಜರ್ಮನ್ ಸಂಗೀತ ರಚನಕಾರ ಬಾಖ್‌ನ 'ಪ್ಯಾಶನ್' ಕೃತಿಗಳು (ಯೇಸುವಿನ ಯಾತನೆ, ಮರಣದ ಕಥೆ), ಡಿಸೆಂಬರಿನಲ್ಲಿ ಅವನದೇ ಕ್ರಿಸ್ಮಸ್ ಒರಟೋರಿಯೊ (ಯೇಸುವಿನ ಜನನದ ಕಥೆ ಹೇಳುವ ಗಾಯನಕೃತಿ). ಇವುಗಳಲ್ಲಿ ಕಥೆ ಹೇಳುವ ಸುವಾರ್ತಿಕನ ಪಾತ್ರ ಟೆನರ್‌ನದೇ ಆಗಿರುವುದರಿಂದ, ಜರ್ಮನ್ ಉಚ್ಚಾರ ಶುದ್ಧವಾಗಿದ್ದವರಿಗೆ ಬೇಡಿಕೆ ಇದ್ದೇ ಇರುತ್ತದೆ. ನಮ್ಮ ವೃಂದಕ್ಕೆ ಬರುವ ಗಾಯಕರು ಹಿಂದಿನ ದಿನ ಒಂದೇ ಒಂದು ತಾಲೀಮಿಗೆ ಬಂದು, ಮರುದಿನ ಎರಡೂವರೆ ಗಂಟೆ ಹಾಡಿ, ಅದೇ ರಾತ್ರಿ ಮುಂದಿನ ಊರಿನ ರೈಲು ಹಿಡಿಯುವುದನ್ನು ಕಂಡಿದ್ದೇನೆ. ಅಂಥ ವಾರಗಳಲ್ಲಿ ನೆಗಡಿಯಾದರೆ ಆ ತಿಂಗಳ ಗಳಿಕೆಗೇ ಕುತ್ತು. ಆದ್ದರಿಂದ ಬಹಳ ಮಂದಿ ಪಾಠವನ್ನೂ ಹೇಳುತ್ತಾರೆ. ರಾಜರ್ಸ್ ಕೂಡ ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಸಂಗೀತಶಾಲೆ ಸ್ಕೋಲಾ ಕಾಂಟೋರುಮ್‌ನಲ್ಲಿ, ಮುಂದೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ನಲ್ಲಿ ಕಲಿಸಿದರು.

ಎಲ್ಲರೂ ಹೀಗೆ ಒಂದೇ ದಾರಿಗೆ ಅಂಟಿಕೊಳ್ಳುವುದಿಲ್ಲ. ಡ್ರೆಸ್ಡೆನ್ನಿನ ಬಾಲಕರ ಗಾಯನವೃಂದದಿಂದ ಬಂದ ಟೆನರ್ ಪೀಟರ್ ಶ್ರೈಯರ್ ಸುವಾರ್ತಿಕನಾಗಿ ಹೆಸರಾದಷ್ಟೇ ಮೊಟ್ಸಾರ್ಟ್ ಒಪೆರಾಗಳಲ್ಲೂ ಹೆಸರಾಗಿದ್ದರು. ಆದರೆ ನಿಮ್ಮ ಅನುಮಾನ ದನಿಯ ಗಾತ್ರದ್ದಾದುದರಿಂದ, 'ಒರ್ಫೆಯೊ'ದ ಆ ಮೂರನೆಯ ಅಂಕದ ಹಾಡನ್ನು ಸ್ವರಲಿಪಿ ಎದುರಿಟ್ಟುಕೊಂಡು ಕೇಳಿ. ಮೊದಲ ಸಲ ಬರಿಯ ಸಾಲಿನ ಮೇಲೆ ಬೆರಳಿಟ್ಟು, ಎರಡನೆಯ ಸಲ ಅಲಂಕಾರದ ಸಾಲಿನ ಮೇಲೆ.