ಆಮ್ಲಜನಕವೇ ಕಡಿಮೆಯಿದ್ದಾಗ ತತ್ತಿಯೊಳಗಿನ ಮರಿಗೆ ಆ್ಯಂಟಿಆಕ್ಸಿಡೆಂಟ್ ಏಕೆ ಬೇಕು?

ಗಾಳಿ ಸಾಲದ ತತ್ತಿಯಲ್ಲಿ ಆಮ್ಲಜನಕವೇ ಕಡಿಮೆ ಇರುವಾಗ ಆಕ್ಸಿಡೀಕರಣದ ಹಾನಿ ಎಲ್ಲಿಂದ ಬರುತ್ತದೆ, ಅಲ್ಲಿ ಆ ಹಾನಿಯನ್ನು ತಡೆಯುವ ಆ್ಯಂಟಿಆಕ್ಸಿಡೆಂಟ್‌ಗಳಿಗೆ ಏನು ಕೆಲಸ, ಅವನ್ನು ಹೊರಗಿನಿಂದ ಕೊಡಬಹುದೇ ಎಂದು ತಾವು ಕೇಳಿದ್ದೀರಿ. ನಾನು ಬಾಗಲಕೋಟೆಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ವಿದ್ಯಾರ್ಥಿಗಳಿಗೆ ತೋರಿಸಲೆಂದು ಪ್ರತಿ ವರ್ಷ ಜವಾರಿ ಕೋಳಿಯ ತತ್ತಿಗಳನ್ನು ಇನ್‌ಕ್ಯುಬೇಟರ್‌ನಲ್ಲಿಟ್ಟು ಮರಿ ಮಾಡಿಸುವುದರಿಂದ ಈ ಪ್ರಶ್ನೆ ನನಗೂ ಬಹಳ ಹತ್ತಿರದ್ದು.

ಜೀವಕೋಶಕ್ಕೆ ಶಕ್ತಿ ತಯಾರಿಸಿಕೊಡುವ ಮೈಟೊಕಾಂಡ್ರಿಯದಲ್ಲಿ ಎಲೆಕ್ಟ್ರಾನುಗಳು ಒಂದು ಪ್ರೋಟೀನಿನಿಂದ ಇನ್ನೊಂದಕ್ಕೆ ದಾಟುತ್ತ ಹೋಗಿ ಕಡೆಗೆ ಆಮ್ಲಜನಕವನ್ನು ಸೇರಿ ನೀರಾಗುತ್ತವೆ. ಕಾಲುವೆಯ ಕೊನೆಯ ತೂಬನ್ನು ಅರ್ಧ ಮುಚ್ಚಿದರೆ ನೀರು ಹಿಂದೆ ನಿಂತು, ಏರಿ, ಒಡ್ಡಿನ ದುರ್ಬಲ ಜಾಗದಿಂದ ಹೊಲಕ್ಕೆ ನುಗ್ಗುವಂತೆ, ಆಮ್ಲಜನಕ ಕಡಿಮೆಯಾದಾಗ ಎಲೆಕ್ಟ್ರಾನುಗಳು ನಡುದಾರಿಯಲ್ಲಿಯೇ ಸೋರಿ, ಉಳಿದಿರುವ ಅಷ್ಟಿಷ್ಟು ಆಮ್ಲಜನಕಕ್ಕೆ ಅಂಟಿಕೊಂಡು ಸೂಪರ್‌ಆಕ್ಸೈಡ್ ಎಂಬ ಉಗ್ರ ವಸ್ತುವಾಗುತ್ತವೆ. ಇದಕ್ಕಿಂತ ದೊಡ್ಡ ಪೆಟ್ಟು ಗಾಳಿ ಮರಳಿ ಬಂದಾಗ ಬೀಳುತ್ತದೆ. ಉಸಿರುಗಟ್ಟಿದ ಹೊತ್ತಿನಲ್ಲಿ ಜೀವಕೋಶದ ಶಕ್ತಿಯನ್ನು ಹೊತ್ತ ಎಟಿಪಿ ಒಡೆದು ಹೈಪೊಕ್ಸಾಂಥೀನ್ ಎಂಬ ವಸ್ತು ಶೇಖರವಾಗಿರುತ್ತದೆ. ಆಮ್ಲಜನಕ ಬಂದೊಡನೆ ಕ್ಸಾಂಥೀನ್ ಆಕ್ಸಿಡೇಸ್ ಎಂಬ ಕಿಣ್ವ ಅದನ್ನು ಬಳಸಿ ಒಮ್ಮೆಲೇ ಸೂಪರ್‌ಆಕ್ಸೈಡ್ ಉಕ್ಕಿಸುತ್ತದೆ.

ಇದನ್ನು ಶಮನಗೊಳಿಸುವ ಮೊದಲ ಕಿಣ್ವವಾದ ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್ ಅನ್ನು ಮೆಕಾರ್ಡ್ ಮತ್ತು ಫ್ರಿಡೊವಿಚ್ 1969ರಲ್ಲಿ ಗುರುತಿಸಿದರು. ಅದು ಸೂಪರ್‌ಆಕ್ಸೈಡನ್ನು ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತದೆ, ಕ್ಯಾಟಲೇಸ್ ಮತ್ತು ಸೆಲೆನಿಯಂ ಬೇಡುವ ಗ್ಲುಟಾಥಯೋನ್ ಪೆರಾಕ್ಸಿಡೇಸ್ ಅದನ್ನು ನೀರಾಗಿಸುತ್ತವೆ. ಜೀವಕೋಶದ ಪೊರೆಯ ಕೊಬ್ಬು ಕೆಡದಂತೆ ಕಾಯುವುದು ವಿಟಮಿನ್ ಇ.

ಕಾವಿಗಿಟ್ಟ ನಾಲ್ಕನೆಯ ದಿನ ಕತ್ತಲೆ ಕೋಣೆಯಲ್ಲಿ ತತ್ತಿಯನ್ನು ಬ್ಯಾಟರಿಯ ಬೆಳಕಿಗೆ ಹಿಡಿದರೆ, ನಡುವೆ ಒಂದು ಚುಕ್ಕೆ, ಅದರ ಸುತ್ತ ಜೇಡದ ಕಾಲುಗಳಂತೆ ಹರಡಿದ ಕೆಂಪು ರಕ್ತನಾಳಗಳು ಕಾಣುತ್ತವೆ. ಇವು ಹಳದಿಯನ್ನು ಸುತ್ತುವ ಪೊರೆಯವು. ಮುಂದೆ ಬೇರೊಂದು ಪೊರೆಯ ರಕ್ತನಾಳಗಳು ತತ್ತಿಯ ಒಳಮೈಯನ್ನೆಲ್ಲ ಆವರಿಸಿ, ಚಿಪ್ಪಿನ ಸಾವಿರಾರು ಸೂಕ್ಷ್ಮ ರಂಧ್ರಗಳಿಂದ ಬರುವ ಆಮ್ಲಜನಕವನ್ನು ಹೀರುತ್ತವೆ. ಮರಿ ದಿನೇ ದಿನೇ ಬೆಳೆಯುತ್ತದೆ, ರಂಧ್ರಗಳು ಮಾತ್ರ ಹೆಚ್ಚುವುದಿಲ್ಲ. ಹೀಗಾಗಿ 19ನೆಯ ದಿನದ ಹೊತ್ತಿಗೆ ತತ್ತಿಯ ಗಾಳಿಗೂಡಿನಲ್ಲಿ, ಅಂದರೆ ದಪ್ಪ ತುದಿಯಲ್ಲಿರುವ ಗಾಳಿಯ ಜಾಗದಲ್ಲಿ, ಆಮ್ಲಜನಕ ಶೇಕಡಾ 21ರಿಂದ ಸುಮಾರು 14ಕ್ಕೆ ಇಳಿದಿರುತ್ತದೆ. ಅಷ್ಟರಲ್ಲಿ ಮರಿ ಕೊಕ್ಕಿನಿಂದ ಒಳಪೊರೆಯನ್ನು ಹರಿದು ಶ್ವಾಸಕೋಶದಿಂದ ಉಸಿರಾಡಲು ತೊಡಗುತ್ತದೆ. ಕೊರತೆಯಿಂದ ಸಮೃದ್ಧಿಗೆ ದಾಟುವ ಈ ಒಂದೆರಡು ದಿನಗಳೇ ಅತ್ಯಂತ ಅಪಾಯದವು. ಮಿದುಳಿನಲ್ಲಿ ಬೇಗ ಕೆಡುವ ಕೊಬ್ಬು ಹೆಚ್ಚು, ವಿಟಮಿನ್ ಇ ಕಡಿಮೆ ಇರುವುದರಿಂದ ಅಪಾಯ ಅಲ್ಲಿ ಇನ್ನೂ ಹೆಚ್ಚು.

ಇದಕ್ಕೆ ಬೇಕಾದ ಬುತ್ತಿಯನ್ನು ತಾಯಿಕೋಳಿ ಮೊದಲೇ ಕಟ್ಟಿಟ್ಟಿರುತ್ತದೆ ಎಂಬುದೇ ನನ್ನ ಉತ್ತರದ ತಿರುಳು. ಭಂಡಾರದಲ್ಲಿನ, ಅಂದರೆ ತತ್ತಿಯ ಹಳದಿ ಭಾಗದಲ್ಲಿನ, ವಿಟಮಿನ್ ಇ ಮತ್ತು ಕ್ಯಾರೊಟಿನಾಯ್ಡ್‌ಗಳು ಕಾವಿನ ಕೊನೆಯ ವಾರದಲ್ಲಿ ಮರಿಯ ಯಕೃತ್ತಿಗೆ ಸೇರುತ್ತವೆ. ಹೊಸದಾಗಿ ಇಟ್ಟ ತತ್ತಿಯಲ್ಲಿ ವಿಟಮಿನ್ ಸಿ ಇರುವುದೇ ಇಲ್ಲ, ಅದನ್ನು ಭ್ರೂಣ ತಾನೇ ತಯಾರಿಸಿಕೊಳ್ಳುತ್ತದೆ. ಇದು ನನಗೆ ಇಂದಿಗೂ ಬೆರಗಿನ ಸಂಗತಿ. ನಮ್ಮ ಕಡೆ ಬರೀ ಬಿಳಿಜೋಳ ತಿಂದ ಕೋಳಿಯ ತತ್ತಿ ಒಡೆದರೆ ಭಂಡಾರ ಪೇಲವವಾಗಿರುತ್ತದೆ, ಗೋವಿನಜೋಳ ಮತ್ತು ಹಸಿರು ಸೊಪ್ಪು ತಿಂದದ್ದರಲ್ಲಿ ಗಾಢ ಹಳದಿ. ಆ ಹಳದಿ ಕ್ಯಾರೊಟಿನಾಯ್ಡ್‌ನದು. ವಿಟಮಿನ್ ಇ ಬಣ್ಣದಿಂದ ತಿಳಿಯುವುದಿಲ್ಲ. ಅದಕ್ಕೆ ನಮ್ಮ ಕುಸುಬಿ ಎಣ್ಣೆ ಒಳ್ಳೆಯ ಮೂಲ. ಆದ್ದರಿಂದ ಕೊಡುವುದಿದ್ದರೆ ತತ್ತಿಗಲ್ಲ, ತತ್ತಿ ಕೂಡಿಸುವ ಎರಡು ಮೂರು ವಾರ ಮೊದಲು ಕೋಳಿಗೆ ಕೊಡಬೇಕು.

ಪ್ರಯೋಗಾಲಯದ ಮಾತು ಬೇರೆ. ಕೇಂಬ್ರಿಡ್ಜ್‌ನ ಡಿನೊ ಜಿಯುಸಾನಿ ಮತ್ತು ಸಂಗಡಿಗರು ಬೊಲಿವಿಯಾದಲ್ಲಿ ತಗ್ಗುನಾಡಿನ ಕೋಳಿಗಳ ತತ್ತಿಗಳನ್ನು ಸುಮಾರು 3,600 ಮೀಟರ್ ಎತ್ತರದ ಲಾ ಪಾಸ್‌ನಲ್ಲಿ ಕಾವಿಗಿಟ್ಟಾಗ ಮರಿಗಳ ಬೆಳವಣಿಗೆ ಕುಂಠಿತವಾಯಿತು, ಹೆಚ್ಚುವರಿ ಆಮ್ಲಜನಕ ಕೊಟ್ಟಾಗ ಸರಿಹೋಯಿತು. ಮುಂದೆ ಅದೇ ತಂಡ, ಆಮ್ಲಜನಕ ಕಡಿಮೆಯಾದ ಕೋಳಿ ಭ್ರೂಣಗಳ ಹೃದಯ ಮತ್ತು ರಕ್ತನಾಳಗಳಿಗೆ ಮೆಲಟೋನಿನ್ ಎಂಬ, ಆ್ಯಂಟಿಆಕ್ಸಿಡೆಂಟ್ ಗುಣವುಳ್ಳ ಹಾರ್ಮೋನು ರಕ್ಷಣೆ ಕೊಡುವುದನ್ನು ತೋರಿಸಿತು.

ಈ ಫಲಿತಾಂಶಗಳನ್ನು ಓದಿ ಗರ್ಭಿಣಿಯರು ತಾವಾಗಿಯೇ ವಿಟಮಿನ್ ಮಾತ್ರೆ ನುಂಗಬಾರದೆಂದು ಕಳಕಳಿಯಿಂದ ಹೇಳುತ್ತೇನೆ. ಗರ್ಭಿಣಿಯರ ರಕ್ತದೊತ್ತಡದ ತೊಂದರೆಯನ್ನು ತಡೆಯಲೆಂದು ಬ್ರಿಟನ್ನಿನಲ್ಲಿ 2,400ಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ದಿನಕ್ಕೆ 1,000 ಮಿಲಿಗ್ರಾಂ ವಿಟಮಿನ್ ಸಿ ಮತ್ತು 400 ಯೂನಿಟ್ ವಿಟಮಿನ್ ಇ ಕೊಟ್ಟರೂ ಆ ತೊಂದರೆ ಕಡಿಮೆಯಾಗಲಿಲ್ಲ. ಬದಲಿಗೆ ಕಡಿಮೆ ತೂಕದ ಶಿಶುಗಳೇ ಹೆಚ್ಚಿದವು.

ತತ್ತಿಗಳ ಮಟ್ಟಿಗೆ ನಾನೇ ಮಾಡಿದ ತಪ್ಪೊಂದನ್ನು ತಿಳಿಸುತ್ತೇನೆ. ಒಂದು ಏಪ್ರಿಲ್‌ನಲ್ಲಿ ಒಣಗಾಳಿಗೆ ತೇವ ಆರಿಹೋದೀತೆಂದು ಹೆದರಿ ಪೆಟ್ಟಿಗೆಯ ಗಾಳಿತೂತುಗಳನ್ನು ಕೊನೆಯ ಮೂರು ದಿನ ಮುಚ್ಚಿದ್ದೆ. ಒಡೆದು ನೋಡಿದಾಗ ಪುಕ್ಕ, ಉಗುರು, ಕೊಕ್ಕು ಎಲ್ಲ ಪೂರ್ಣವಾಗಿ ಬೆಳೆದ ಹನ್ನೊಂದು ಮರಿಗಳು ಗಾಳಿಗೂಡಿನ ಕಡೆಗೆ ತಲೆಯಿಟ್ಟು ಸತ್ತಿದ್ದವು. ಈಗ 18ನೆಯ ದಿನದಿಂದ ತೂತುಗಳನ್ನು ಪೂರ್ತಿ ತೆರೆದಿಟ್ಟು, ತೇವಕ್ಕೆ ಅಗಲವಾದ ನೀರಿನ ತಟ್ಟೆಯನ್ನು ಒಳಗಿಡುತ್ತೇನೆ.